ಭೀಮಾತೀರದ ಸ್ವತಂತ್ರ ಕೊಳಲುವಾದಕ: ಒಂದು ವೃತ್ತಿಯ ಚರಿತ್ರೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯಲ್ಲಿ ಸಂಗೀತವೆಂದರೆ ಮೊದಲು ಪದ, ಅನಂತರ ವಾದ್ಯ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು ಹಾಗೂ ಅವರ ಶಿಷ್ಯರಾದ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ತೆಲಗಬಾಳ ರೇವಪ್ಪ ಮೊದಲಾದವರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳ ಆಸರೆಯಲ್ಲಿ ಬೆಳೆದವು. ಹಾರ್ಮೋನಿಯಂ, ತಬಲಗಳು ಆಮೇಲೆ ಬಂದವು. ಭೀಮಾ-ಅಮರಜಾ ಸಂಗಮದ ಗಾಣಗಾಪುರದ ಭಜನೆಯಲ್ಲಿಯೂ ಪದವೇ ಪ್ರಧಾನ. ಮದುವೆ, ಜಾತ್ರೆಗಳಲ್ಲಿ ಉಸಿರಿನ ವಾದ್ಯಕ್ಕೆ ಸ್ಥಾನವಿದ್ದರೂ ಅದು ಭಜಂತ್ರಿ ಮನೆತನಗಳ ಸನಾದಿಗೆ ಸಲ್ಲುತ್ತಿತ್ತು. ಕೊಳಲು ಕುರಿ ಕಾಯುವವರ ಕೈಯಲ್ಲಿತ್ತೇ ಹೊರತು ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ.

ಊರೂರು ತಿರುಗಿ ಪಾಠ ಹೇಳುವ ವೃತ್ತಿಗೆ ಉತ್ತರ ಕರ್ನಾಟಕದಲ್ಲಿ ಗೌರವ ತಂದುಕೊಟ್ಟವರಲ್ಲಿ ಪಂಚಾಕ್ಷರಿ ಗವಾಯಿಗಳು (1892–1944) ಮುಖ್ಯರು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ 1914ರಲ್ಲಿ ಆರಂಭವಾದ ಸಂಚಾರಿ ಸಂಗೀತ ಪಾಠಶಾಲೆಯು ಅಂಧ ಹಾಗೂ ಅನಾಥ ಮಕ್ಕಳಿಗೆ ಸಂಗೀತವನ್ನೇ ಜೀವನೋಪಾಯವಾಗಿಸಿತು. ಮುಂದೆ ಅದು ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ನೌಕರಿಯಿಲ್ಲದ ಸಂಗೀತ ಮಾಸ್ತರರೆಂಬ ಮಾದರಿ ಇಲ್ಲಿಂದ ಗಟ್ಟಿಯಾಯಿತು ಎನ್ನಬಹುದು.

ಕೊಳಲುವಾದಕನು ಈ ವೃತ್ತಿಗೆ ತಡವಾಗಿ ಬಂದವನು. ಹಿಂದುಸ್ತಾನಿ ಕಛೇರಿಯಲ್ಲಿ ಬಾನ್ಸುರಿಗೆ ಸ್ವತಂತ್ರ ಸ್ಥಾನ ದೊರೆತುದೇ ಪನ್ನಾಲಾಲ್ ಘೋಷರ (1911–1960) ಉದ್ದನೆಯ ಕೊಳಲಿನಿಂದ. ನಿಜಾಮರ ಆಳ್ವಿಕೆ 1948ರಲ್ಲಿ ಕೊನೆಗೊಂಡು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗಕ್ಕೆ ಕಲಬುರಗಿ ಆಕಾಶವಾಣಿ ಬಂದುದು 1966ರಲ್ಲಿ. ಧ್ವನಿಪರೀಕ್ಷೆ ಮತ್ತು ಶ್ರೇಣಿಯ ಮೂಲಕ, ಯಾವ ಮಠದ ಅಥವಾ ಕಂಪನಿಯ ಆಶ್ರಯವೂ ಇಲ್ಲದ ವಾದಕನಿಗೆ ಒಂದು ಸಾರ್ವಜನಿಕ ಗುರುತು ಆಗ ಸಾಧ್ಯವಾಯಿತು. ಆದರೆ ಗುರುತು ಬೇರೆ, ಜೀವನೋಪಾಯ ಬೇರೆ.

ಜೀವನೋಪಾಯದ ಪ್ರಶ್ನೆ ಕೊನೆಗೆ ವಾದ್ಯದ ಸ್ವಭಾವಕ್ಕೇ ಬಂದು ನಿಲ್ಲುತ್ತದೆ. ಹಾರ್ಮೋನಿಯಂ ಮಾಸ್ತರರು ನುಡಿಸುತ್ತಲೇ ಹಾಡಿ ತೋರಿಸಬಲ್ಲರು. ಕೊಳಲೂದುವ ಬಾಯಿಗೆ ಆ ಅನುಕೂಲವಿಲ್ಲ. ಭಜನೆಯಲ್ಲಿ ಒಬ್ಬರು ಕರಿ ಒಂದರಲ್ಲಿ ಹಾಡಿದರೆ ಇನ್ನೊಬ್ಬರು ಕರಿ ನಾಲ್ಕರಲ್ಲಿ ಎತ್ತಿಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಬೆರಳು ಸರಿಸಿದರೆ ಸಾಕು. ಕೊಳಲುಗಾರನಿಗೆ ಪ್ರತಿ ಶ್ರುತಿಗೂ ಬೇರೆ ಕೊಳಲು ಬೇಕು. ಆದುದರಿಂದ ಕೊಳಲನ್ನೇ ನಂಬಿದ ಕಲಾವಿದನೂ ಪಾಠಕ್ಕೆ ಕುಳಿತಾಗ ಹಾರ್ಮೋನಿಯಂ ಹಿಡಿಯಬೇಕಾಗುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಗಾಯನದ ಮಕ್ಕಳನ್ನು ಸಿದ್ಧಪಡಿಸಬೇಕಾಗುತ್ತದೆ. ಇದನ್ನು ಕಲೆಯ ಸೋಲೆಂದು ಬಗೆಯುವುದು ಸರಿಯಲ್ಲ. ಪದಪ್ರಧಾನವಾದ ಈ ನೆಲದಲ್ಲಿ ಕೊಳಲು ಉಳಿಯಲು ಕಂಡುಕೊಂಡ ದಾರಿಯೇ ಇದು.

ಇಂಥವರ ದುಡಿಮೆಗೆ ಸೇವಾಪುಸ್ತಕವಿಲ್ಲ, ನಿವೃತ್ತಿವೇತನವೂ ಇಲ್ಲ. ಮಠದ ಕಡತಗಳು ಆಶ್ರಿತರನ್ನು, ಶಾಲೆಯ ಹಾಜರಿಪುಸ್ತಕಗಳು ನೌಕರರನ್ನು ಮಾತ್ರ ಬಲ್ಲವು. ಮನೆಪಾಠದವರ ಚರಿತ್ರೆಯನ್ನು ಬರೆಯಹೊರಟವರು ಭಜನಾ ಮೇಳಗಳಲ್ಲಿ ಕುಳಿತು, ಯಾರು ಯಾರಿಂದ ಯಾವ ಪದದ ಮಟ್ಟು ಕಲಿತರೆಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ.