ಬಾಳಪ್ಪನ ಬಂದೂಕಿಗೆ ಯಾವ ಕೀಲು?

ಅಮಟೂರ ಬಾಳಪ್ಪ ಗುರಿಕಾರ ಎಂಬುದರಲ್ಲಿ ನಮ್ಮ ಸೀಮೆಯಲ್ಲಿ ಯಾರಿಗೂ ಅನುಮಾನವಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯನ್ನು ಕೆಡವಿದ ಗುಂಡು ಅವನದೇ ಎಂದು ಲಾವಣಿಯವರು, ನಾಟಕದವರು, ಶಾಲೆಯ ಮಾಸ್ತರರು ಹೇಳುತ್ತಲೇ ಬಂದಿದ್ದಾರೆ. ತಕರಾರು ಇರುವುದು ಅವನ ಕೈಗೆ ಕೊಡುವ ಬಂದೂಕಿನ ಬಗ್ಗೆ. ಒಂದೂರ ನಾಟಕದಲ್ಲಿ ಪೊಲೀಸರ ಹಳೆಯ ರೈಫಲಿನ ಕಟ್ಟಿಗೆಯ ನಕಲು, ಇನ್ನೊಂದೂರಲ್ಲಿ ಜಾತ್ರೆಯಲ್ಲಿ ಬಲೂನು ಹೊಡೆಯುವ ಏರ್‌ಗನ್ನು. ಕ್ಯಾಲೆಂಡರಿನ ಚಿತ್ರಕಾರರಂತೂ ಅವನಿಗೆ ಆಗಿನ್ನೂ ಹುಟ್ಟದ ಬಂದೂಕುಗಳನ್ನು ಧಾರಾಳವಾಗಿ ದಾನ ಮಾಡಿದ್ದಾರೆ.

ಗುರಿಕಾರನ ಕಸುಬು ಅರ್ಧ ಕಣ್ಣಿನಲ್ಲಿದ್ದರೆ ಇನ್ನರ್ಧ ಬಂದೂಕಿನ ಕೀಲಿನಲ್ಲಿರುತ್ತದೆ. ಮದ್ದಿಗೆ ಕಿಡಿ ಮುಟ್ಟಿಸುವ ಆ ಕೀಲು ಎಂಥದು, ಟ್ರಿಗರ್ ಎಷ್ಟು ಬಿಗಿ, ಒತ್ತಿದ ಮೇಲೆ ಗುಂಡು ಹೊರಡಲು ಎಷ್ಟು ಹೊತ್ತು ಎನ್ನುವುದು ತಿಳಿಯದೆ ಆ ಒಂದು ಗುಂಡಿನ ಬೆಲೆ ಕಟ್ಟಲಾಗದು. ಹಾಗಾಗಿ ನಾನು ಹುಡುಕಹೊರಟದ್ದು ಬಾಳಪ್ಪನನ್ನಲ್ಲ, ಅವನ ಬಂದೂಕಿನ ಕೀಲನ್ನು.

ಮೊದಲು ಒಂದು ಜಾತಿಯನ್ನು ಪಟ್ಟಿಯಿಂದ ತೆಗೆದುಹಾಕಬಹುದು. ನಮ್ಮ ಕಡೆ ಕೆಲವು ಹಿರಿಯರು ಈಗಲೂ ನೆನೆಯುವ ಕೇಪಿನ ಬಂದೂಕು, ಅಂದರೆ ತಾಮ್ರದ ಟೋಪಿ ಇಟ್ಟು ಸುತ್ತಿಗೆಯಿಂದ ಬಡಿಸುವ ತರಹದ್ದು, ಬಾಳಪ್ಪನ ಕಾಲಕ್ಕೆ ತೀರ ಹೊಸದು. ಬಡಿದರೆ ಸಿಡಿಯುವ ಮದ್ದಿನ ಕೀಲಿಗೆ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಬ್ರಿಟಿಷ್ ಸೈನ್ಯ ಅಂಥ ಬಂದೂಕುಗಳಿಗೆ ಬದಲಾದದ್ದು 1840ರ ಆಸುಪಾಸಿನಲ್ಲಿ. 1824ರಲ್ಲಿ ಕಂಪನಿಯ ಸಿಪಾಯಿಯ ಹೆಗಲ ಮೇಲೆ ಇದ್ದದ್ದು ಚಕಮಕಿ ಬಂದೂಕು: 39 ಅಂಗುಲದ ನಳಿಗೆ, ಮುಕ್ಕಾಲು ಅಂಗುಲದ ಬಾಯಿ, ಒಳಗೆ ಗೀರುಗಳಿಲ್ಲದ ನುಣುಪು ಕೊಳವೆ. ಅಲ್ಲಿಗೆ ಬಾಳಪ್ಪನ ಕೈಯಲ್ಲಿ ಇದ್ದದ್ದು ಒಂದೋ ಅಂಥ ಚಕಮಕಿ, ಇಲ್ಲವೇ ಉರಿಯುವ ಬತ್ತಿಯ ಜಾಮಗಿ ಬಂದೂಕು.

ಅಚ್ಚಾದ ದಾಖಲೆಗಳಲ್ಲಿ ಮೊದಲು ಕೈಹಾಕಬೇಕಾದದ್ದು 1884ರ ಬೆಳಗಾವಿ ಮತ್ತು ಧಾರವಾಡ ಗೆಜೆಟಿಯರುಗಳಿಗೆ. ಅವು ಸತ್ತ ಅಧಿಕಾರಿಗಳ ಹೆಸರುಗಳಲ್ಲಿ ಚೊಕ್ಕ. ಥ್ಯಾಕರೆ, ಮದರಾಸಿನ ಕುದುರೆ ತೋಪಖಾನೆಯ ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟರಾದ ಸಿವೆಲ್ ಮತ್ತು ಡೈಟನ್ ಸತ್ತರು. ಕಲೆಕ್ಟರನ ಸಹಾಯಕರಾದ ಸ್ಟೀವನ್ಸನ್ ಮತ್ತು ಎಲಿಯಟ್ ಕೋಟೆಯಲ್ಲಿ ಸೆರೆಯಾದರು. ಈ ಎಲಿಯಟ್ ಯಾರೆಂದರೆ ಮುಂದೆ ನೂರಾರು ಕನ್ನಡ ಶಾಸನಗಳನ್ನು ನಕಲು ಮಾಡಿಸಿದ ಸರ್ ವಾಲ್ಟರ್ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಕಿತ್ತೂರಿನವರು ಆ ಹುಡುಗನನ್ನು ಕೂದಲು ಕೊಂಕದಂತೆ ಕಾಯ್ದು ಡಿಸೆಂಬರಿನಲ್ಲಿ ಬಿಟ್ಟರು; ಚಾಲುಕ್ಯರ ಚರಿತ್ರೆ ಬರೆದವರೆಲ್ಲ ಕಿತ್ತೂರ ರಾಣಿ ಚೆನ್ನಮ್ಮನಿಗೆ ಅಷ್ಟರಮಟ್ಟಿಗೆ ಋಣಿಗಳು. ಇಷ್ಟೆಲ್ಲ ಹೇಳುವ ಗೆಜೆಟಿಯರು ಬಂದೂಕಿನ ಮಾತೆತ್ತುವುದಿಲ್ಲ. ಸರಕಾರಿ ಲೇಖನಿಗೆ ಸತ್ತವರು ಮುಖ್ಯ, ಕೊಂದದ್ದರ ಕೀಲು ಮುಖ್ಯವಲ್ಲ.

ಹಾಗಾಗಿ ನಾನು ಆ ಯುದ್ಧಕ್ಕಿಂತ ಇಪ್ಪತ್ನಾಲ್ಕು ವರ್ಷ ಹಿಂದಕ್ಕೆ, ನಮ್ಮ ಮನೋಳಿಯ ಹೊಳೆದಂಡೆಗೇ ಬರಬೇಕಾಯಿತು. ಇಂಗ್ಲಿಷ್ ಕಾಗದಗಳಲ್ಲಿ ನಮ್ಮೂರು ‘ಮನೌಲಿ’, ಸವದತ್ತಿ ‘ಸೌಂಡಟ್ಟಿ’, ಮಲಪ್ರಭೆ ‘ಮಾಲ್ಪೂರ್ಬಾ’. ಈ ವೇಷಗಳು ಗೊತ್ತಿಲ್ಲದಿದ್ದರೆ ಸೂಚಿಯಲ್ಲಿ ಏನೂ ಸಿಗುವುದಿಲ್ಲ. ಗೊತ್ತಿದ್ದರೆ 1800ರ ಜುಲೈ ಕೊನೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಬರೆದ ಪತ್ರಗಳು ಸಿಗುತ್ತವೆ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ಜುಲೈ 30ರಂದು ಮನೋಳಿಯ ಎದುರು ದಂಡೆಯಲ್ಲಿ ಬೀಡುಬಿಟ್ಟಿದ್ದ ಧೊಂಡಿಯಾ ವಾಘನ ದಂಡಿನ ಮೇಲೆ ರಾವುತರೊಂದಿಗೆ ಎರಗಿದ. ಬೆನ್ನಿಗೆ ಹೊಳೆ, ಹೊಳೆಗೆ ಮಳೆಗಾಲದ ತುಂಬು ನೀರು. ಕತ್ತಿಗೆ ಸಿಗದವರು ನೀರಿಗೆ ಬಿದ್ದರು. ಆನೆ, ಒಂಟೆ, ಎತ್ತು, ಸಾಮಾನು ಸರಂಜಾಮು ಎಲ್ಲ ವೆಲ್ಲೆಸ್ಲಿಯ ಪಾಲಾಯಿತು.

ಈ ಧೊಂಡಿಯಾ ಶ್ರೀರಂಗಪಟ್ಟಣದ ಸೆರೆಮನೆಯಿಂದ 1799ರಲ್ಲಿ ಹೊರಬಿದ್ದವನು. ಟಿಪ್ಪು ಸತ್ತ ಮೇಲೆ ಕೆಲಸ ಕಳೆದುಕೊಂಡ ಮೈಸೂರಿನ ರಾವುತರು, ಸಿಪಾಯಿಗಳು ಅವನ ಬೆನ್ನು ಹತ್ತಿ ತುಂಗಭದ್ರೆ ದಾಟಿ ಬಂದಿದ್ದರು. ಅವರ ಬೆನ್ನ ಮೇಲಿನ ಬಂದೂಕುಗಳು ಎಲ್ಲಿಯವು? ಶ್ರೀರಂಗಪಟ್ಟಣದಲ್ಲಿ ಟಿಪ್ಪು ಚಕಮಕಿ ಬಂದೂಕು ಮಾಡಿಸುತ್ತಿದ್ದ. ಇಂಗ್ಲೆಂಡಿನ ಸಂಗ್ರಹಗಳಲ್ಲಿ ಇರುವ ಅವನ ಸ್ವಂತದ ಬಂದೂಕುಗಳ ಚಿತ್ರ ನೋಡಿದರೆ ದಂಗಾಗುತ್ತೇವೆ. ಕಲ್ಲು ಕಚ್ಚುವ ಕುದುರೆಯನ್ನೇ ಹುಲಿಯ ಆಕಾರಕ್ಕೆ ತಿದ್ದಿದ್ದಾರೆ, ನಳಿಗೆಯ ಮೇಲೆ ಹುಲಿಪಟ್ಟೆ. ಕೆಲವಕ್ಕೆ ಕೀಲು ಬಲಗಡೆಯ ಬದಲು ಎಡಗಡೆ. ಸಾಮಾನ್ಯ ಸಿಪಾಯಿಯ ಕೈಯಲ್ಲಿ ಅಂಥ ಅಲಂಕಾರ ಇರಲಿಲ್ಲ, ಕೀಲಿನ ವಿದ್ಯೆ ಮಾತ್ರ ಅದೇ. ಟಿಪ್ಪುವಿನ ದಂಡು 1785ರಲ್ಲಿ ನರಗುಂದ, ಕಿತ್ತೂರುಗಳನ್ನು ತೆಗೆದುಕೊಂಡಿತ್ತು. ಈಗ ಅದರ ಅವಶೇಷ ಮಲಪ್ರಭೆಯಲ್ಲಿ ಚೆಲ್ಲಾಡಿತು. ಬಾಳಪ್ಪನ ತಲೆಮಾರಿನವರು ಚಕಮಕಿ ಕಾಣದವರಲ್ಲ ಎನ್ನಲು ಇಷ್ಟು ಸಾಕು. ಕಾಣುವುದು ಬೇರೆ, ಕೈಯಲ್ಲಿಟ್ಟು ಬಾಳಿಸುವುದು ಬೇರೆ.

ಆ ‘ಬಾಳಿಸುವುದು’ ಏನೆಂದು ತಿಳಿದದ್ದು ಕಾಗದದಿಂದಲ್ಲ. ರಾಮದುರ್ಗ ಕಡೆಯ ಹಳ್ಳಿಯೊಂದರ ವಾಡೆಯಲ್ಲಿ ಖಂಡೇನವಮಿಯ ದಿನ ಕತ್ತಿ, ಕುಡಗೋಲುಗಳ ಜೊತೆ ಒಂದು ಉದ್ದ ಬಂದೂಕನ್ನೂ ಕಂಬಳಿಯ ಮೇಲಿಟ್ಟು ವಿಭೂತಿ ಬಳಿಯುತ್ತಾರೆ. ಹೊಡೆಯಲು ಬಾರದಂತೆ ಅದರ ನಳಿಗೆಗೆ ಸೀಸ ಹೊಯ್ದು ಎಷ್ಟೋ ಕಾಲವಾಗಿದೆ. ನಾನು ಅಭ್ಯಾಸಬಲದಿಂದ ಬಲಬದಿಯಲ್ಲಿ ಕುದುರೆ ಹುಡುಕುತ್ತಿದ್ದೆ.

“ಅಜ್ಜಾರ, ಇದರ ಕುದುರಿ ಕಳದೈತೇನ್ರಿ?”

“ಕಳದಿಲ್ಲ ತಮ್ಮಾ, ಇದಕ್ಕ ಮೊದಲ ಕುದುರಿ ಇಲ್ಲ. ಹಾವಿನ ಹೆಡಿ ಐತಿ ನೋಡಿಲ್ಲೆ. ಬತ್ತಿ ಕಚಗೊಂಡು ಕುಂದರತೈತಿ. ನೀ ಎಷ್ಟು ಸಾವಕಾಶ ಒತ್ತತಿ, ಅಷ್ಟ ಸಾವಕಾಶ ಬಾಗತೈತಿ.”

ಕಟ್ಟಿಗೆಯ ಸೀಳಿನಿಂದ ಕವಲು ನಾಲಿಗೆಯಂತಹ ಕಬ್ಬಿಣದ ಚೂರು ಹೊರಗೆ ಬಂದಿತ್ತು. ಕೆಳಗೆ ತೆಳ್ಳನೆಯ ಟ್ರಿಗರ್. ಅದನ್ನು ಒತ್ತಿದರೆ ಕಟ್ಟಿಗೆಯ ಹೊಟ್ಟೆಯಲ್ಲಿದ್ದ ಸಣ್ಣ ಸರಳು ಮೇಲಿನ ಹೆಡೆಯನ್ನು ಮುಂದಕ್ಕೆ ಬಾಗಿಸಿ ಬಲಗಡೆಯ ರಂಜಕದ, ಅಂದರೆ ಕಿಡಿ ಹಿಡಿಯುವ ನಯ ಮದ್ದಿನ, ಬಟ್ಟಲಿಗೆ ಮುಟ್ಟಿಸುತ್ತದೆ. ಬೆರಳು ಸಡಿಲಿಸಿದರೆ ಹೆಡೆ ಹಿಂದಕ್ಕೆ. ಬಟ್ಟಲಿಗೆ ಸರಿಸುವ ಮುಚ್ಚಳ, ಅದರ ಪಕ್ಕದಲ್ಲಿ ನಳಿಗೆಯೊಳಕ್ಕೆ ಹೋಗುವ ಕಿಂಡಿ, ಕಿಂಡಿ ಕಟ್ಟಿದರೆ ಚುಚ್ಚಲು ಸರಪಳಿಗೆ ಕಟ್ಟಿದ ಸೂಜಿ. ಇಷ್ಟೇ. ಇದರಲ್ಲಿ ಮುರಿಯುವಂಥದು ಏನೂ ಇಲ್ಲ, ಮುರಿದರೂ ಊರ ಕಂಬಾರ ಸಂಜೆಯೊಳಗೆ ಮಾಡಿಕೊಟ್ಟಾನು. ಬತ್ತಿಯೆಂದರೆ ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಹತ್ತಿಯ ಹುರಿ. ಎರೆಹೊಲದ ನಾಡಿನಲ್ಲಿ ಹತ್ತಿಗೇನು ಬರ?

ಚಕಮಕಿಯ ಕೀಲು ಇದಕ್ಕಿಂತ ಬಹಳ ಜಂಬದ್ದು. ಕುದುರೆಯನ್ನು ಹಿಂದಕ್ಕೆಳೆದರೆ ಒಳಗಿನ ಗಾಲಿ ತಿರುಗಿ ದೊಡ್ಡ ಸ್ಪ್ರಿಂಗು ಬಿಗಿಯುತ್ತದೆ. ಗಾಲಿಯ ಹಲ್ಲಿಗೆ ಒಂದು ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಆ ಕೊಕ್ಕೆಯನ್ನು ಎಬ್ಬಿಸುತ್ತದೆ. ಕುದುರೆ ಹಾರಿ, ಅದರ ಬಾಯಲ್ಲಿನ ಕಲ್ಲು ಉಕ್ಕಿನ ಪಟ್ಟಿಯನ್ನು ಕೆರೆಯುತ್ತ ಅದನ್ನು ಮುಂದಕ್ಕೆ ಮಗುಚುತ್ತದೆ. ಕೆರೆದ ಉಕ್ಕಿನ ಹುಡಿಯೇ ಉರಿದು ಕಿಡಿಯಾಗಿ ಬಟ್ಟಲಿಗೆ ಬೀಳುತ್ತದೆ. ಕಲ್ಲು ನಮ್ಮಲ್ಲಿ ಸಿಗದ್ದಲ್ಲ, ಸವದತ್ತಿ-ರಾಮದುರ್ಗದ ಗುಡ್ಡಸಾಲು ಸೇರುವ ಕಲಾದಗಿ ಶಿಲೆಗಳಲ್ಲಿ ಕಿಡಿಕಾರುವ ಗಟ್ಟಿಗಲ್ಲಿನ ಪದರಗಳಿವೆ. ಕಷ್ಟವಿರುವುದು ಸ್ಪ್ರಿಂಗಿನ ಹದದಲ್ಲಿ, ಉಕ್ಕಿನ ಪಟ್ಟಿಯ ಮುಖಕ್ಕೆ ಕೊಡುವ ಕಾಠಿಣ್ಯದಲ್ಲಿ. ಅದು ಮೆತ್ತಗಾದರೆ ಕಿಡಿಯಿಲ್ಲ, ಸ್ಪ್ರಿಂಗು ತುಂಡಾದರೆ ಬಂದೂಕು ಬಡಿಗೆ.

ಹಾಗಾದರೆ ಸೈನ್ಯಗಳೆಲ್ಲ ಚಕಮಕಿಗೆ ಏಕೆ ಬಿದ್ದವು? ವೇಗಕ್ಕೆ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹೊಡೆಯುತ್ತಿದ್ದ. ಹೊತ್ತಿದ ಬತ್ತಿಯಿಲ್ಲದ್ದರಿಂದ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬಹುದಿತ್ತು, ಪಕ್ಕದವನ ಮದ್ದಿನ ಚೀಲಕ್ಕೆ ಬೆಂಕಿ ತಾಗೀತೆಂಬ ಭಯವಿರಲಿಲ್ಲ. ಸಾಲಿಗೆ ಸಾಲು ಹೊಡೆಯುವವರಿಗೆ ಗುರಿ ಅಷ್ಟಾಗಿ ಬೇಕಿಲ್ಲ. ಎಡವಿ ಬಿದ್ದರೂ ಹಾರಬಾರದೆಂದು ಸೈನ್ಯದ ಕೀಲಿನ ಹಲ್ಲನ್ನು ಆಳವಾಗಿ ಕಡಿದಿರುತ್ತಿದ್ದರು. ಅದಕ್ಕೇ ಟ್ರಿಗರ್ ಬಿಗಿ, ಎಳೆಯುವಷ್ಟರಲ್ಲಿ ನಳಿಗೆ ಓಲಾಡುತ್ತದೆ, ಮೇಲೆ ಕುದುರೆ ಬಡಿದ ಅದುರು ಬೇರೆ.

ಗುರಿಯ ಬಂದೂಕು ಮಾಡುವ ಯುರೋಪಿನ ಕಸುಬಿನವರು ಈ ರೋಗಕ್ಕೆ ಮದ್ದು ಕಂಡುಕೊಂಡಿದ್ದರು: ಒಂದರ ಹಿಂದೆ ಒಂದು ಎರಡು ಟ್ರಿಗರ್. ಹಿಂದಿನದನ್ನು ಎಳೆದು ಒಂದು ಸಣ್ಣ ಸ್ಪ್ರಿಂಗನ್ನು ಬಿಗಿದಿಟ್ಟರೆ ಮುಂದಿನದು ಬೆರಳು ಸೋಕಿದರೆ ಸಾಕು, ಹಾರುತ್ತದೆ. ಬಿಗಿದಿಟ್ಟ ಸ್ಪ್ರಿಂಗು ಕೊಕ್ಕೆಗೆ ಒಂದೇಟು ಕೊಟ್ಟು ಬಿಡುವುದರಿಂದ, ಕುದುರೆ ಬೀಳುವಾಗ ಕೊಕ್ಕೆ ಅರ್ಧದಾರಿಯ ಹಲ್ಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅದನ್ನು ತಪ್ಪಿಸಲು ಗಾಲಿಯಲ್ಲಿ ಅಕ್ಕಿಕಾಳಿನಷ್ಟು ಉಕ್ಕಿನ ತುಣುಕೊಂದನ್ನು ಕೂಡಿಸುತ್ತಾರೆ. ಇಂದಿಗೂ ಚಕಮಕಿ ರೈಫಲಿನಿಂದ ಗುರಿಸ್ಪರ್ಧೆಗೆ ಇಳಿಯುವವರು ಕೀಲು ಕೊಳ್ಳುವ ಮುನ್ನ ಕೇಳುವುದು ಆ ತುಣುಕು ಇದೆಯೋ ಇಲ್ಲವೋ ಎಂದು. ಅಂಥ ಬಂದೂಕು ಕಿತ್ತೂರ ದೇಸಾಯರ ಮನೆಗೆ ಕಾಣಿಕೆಯಾಗಿ ಬಂದಿರಬಹುದು ಎಂದು ವಾದಿಸುವವರಿದ್ದಾರೆ. ಕಾಣಿಕೆಯ ಬಂದೂಕು ಬಾಳಪ್ಪನಂಥ ಕಾವಲುಗಾರನ ಕೈಗೆ ಬರುವುದಕ್ಕಿಂತ ಗೋಡೆಯ ಮೇಲೆ ಹೊಳೆಯುವುದೇ ಹೆಚ್ಚೆಂದು ನನ್ನ ಅನಿಸಿಕೆ.

ಈಗ ಜಾಮಗಿಯನ್ನು ಇದರ ಪಕ್ಕ ಇಡಿ. ಬಡಿತವಿಲ್ಲ, ಅದುರಿಲ್ಲ. ಟ್ರಿಗರ್ ಮೆತ್ತಗೆ, ಬತ್ತಿ ಎಲ್ಲಿಗೆ ಬಂತೆಂದು ಕಣ್ಣಂಚಿಗೆ ಕಾಣುತ್ತಿರುತ್ತದೆ. ನಳಿಗೆ ಉದ್ದ ಮತ್ತು ಭಾರ. ಗೋಡೆಯ ಕಿಂಡಿಗೆ ಆನಿಸಿಟ್ಟರೆ ಅಲುಗದು. ಪುರಾತನ ಬಂದೂಕುಗಳ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಜಾಮಗಿಗೆ ಪ್ರತ್ಯೇಕ ಪಂದ್ಯವೇ ಇದೆ. ಪೋರ್ಚುಗೀಸರ ಬಂದೂಕು 1543ರಲ್ಲಿ ಕಾಲಿಟ್ಟ ಜಪಾನಿನ ದ್ವೀಪದ ನೆನಪಿಗೆ ಅದಕ್ಕೆ ‘ತನೆಗಷಿಮಾ’ ಎಂದೇ ಹೆಸರು. 50 ಮೀಟರ್ ದೂರಕ್ಕೆ ಆನಿಕೆಯಿಲ್ಲದೆ ನಿಂತು ಹೊಡೆಯಬೇಕು. ಜಪಾನಿನ ಕೀಲು ಸ್ಪ್ರಿಂಗಿನದು, ನಮ್ಮ ಹೆಡೆಯಂತೆ ನಿಧಾನದ್ದಲ್ಲ. ಬೆಂಕಿಯ ಬತ್ತಿ ಮಾತ್ರ ಎರಡಕ್ಕೂ ಒಂದೇ.

ಜಾಮಗಿಯ ದೊಡ್ಡ ಶತ್ರು ಮಳೆ. ಅದಕ್ಕೆಂದು ತಿಥಿ ಲೆಕ್ಕ ಹಾಕಿದೆ. 1824ರ ಅಕ್ಟೋಬರ್ 23 ಬರುವುದು ಆಶ್ವಯುಜ ಅಮಾವಾಸ್ಯೆಯ ಮಗ್ಗುಲಿಗೆ, ಅಂದರೆ ದೀಪಾವಳಿಯ ದಿನಗಳಲ್ಲಿ. ಕಿತ್ತೂರ ಕಡೆ ಮುಂಗಾರು ಹಿಂದೆಗೆದು ಬಿಸಿಲು ಬೀಳುವ ಹೊತ್ತು. ಹಿಂಗಾರಿನ ಒಂದೆರಡು ಅಡ್ಡಮಳೆ ಬಿಟ್ಟರೆ ಬತ್ತಿಗೂ ರಂಜಕಕ್ಕೂ ಅನುಕೂಲದ ಕಾಲ. ಥ್ಯಾಕರೆ ಬಾಗಿಲು ಒಡೆಯಲು ತೋಪು ನಿಲ್ಲಿಸಿ ಕೋಟೆಯವರಿಗೆ ಗಡುವು ಕೊಟ್ಟ. ಆ ಗಡುವೇ ಗುರಿಕಾರನಿಗೆ ವರ. ಬತ್ತಿಯ ಬೂದಿ ಊದಿ, ಮುಚ್ಚಳ ಸರಿಸಿ, ಸಾಹೇಬನನ್ನು ಗುರುತಿಸಿ ಕಾಯಲು ಹೊತ್ತು ಸಿಕ್ಕಿತು. ನಿಮಿಷಕ್ಕೆ ಮೂರು ಗುಂಡಿನ ಲೆಕ್ಕ ಅಲ್ಲಿ ಬೇಕಿರಲಿಲ್ಲ.

ನನ್ನ ತೀರ್ಮಾನ ಜಾಮಗಿಯ ಕಡೆಗೆ. ನಾಟಕದವರು ಇನ್ನು ಮುಂದೆ ಬಾಳಪ್ಪನ ಮುಂಗೈಗೆ ಒಂದು ಹುರಿ ಸುತ್ತಿ, ತುದಿಗೆ ಊದಿನಕಡ್ಡಿಯಾದರೂ ಹಚ್ಚಲಿ.

ಇಂಥ ಬಂದೂಕುಗಳು ಹಳ್ಳಿಗಳಲ್ಲಿ ಏಕೆ ಉಳಿಯಲಿಲ್ಲ ಎಂದು ಕೇಳುವವರು ಹಲಗಲಿಯ ಬೇಡರ ಲಾವಣಿ ಓದಿದರೆ ಸಾಕು. 1857ರಲ್ಲಿ ಹತಾರ ಒಪ್ಪಿಸಬೇಕೆಂದು ಬ್ರಿಟಿಷ್ ಸರಕಾರದ ಆಜ್ಞೆ ಬಂದಾಗ ಒಪ್ಪದೆ ಸಿಡಿದ ಊರು ಅದು. ಆ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿ ಜಾನ್ ಫೇಥ್‌ಫುಲ್ ಫ್ಲೀಟ್. 1878ರ ಆಯುಧ ಕಾಯ್ದೆ ಬಂದ ಮೇಲೆ ಲೈಸೆನ್ಸಿಲ್ಲದ ಬಂದೂಕು ಮನೆಗೆ ಭಾರವೇ ಆಯಿತು.

ಇನ್ನು ಮದ್ದಿನ ಮಾತು. ಡಿಸೆಂಬರಿನ ಎರಡನೆಯ ಯುದ್ಧದಲ್ಲಿ ಕಿತ್ತೂರು ಸೋತದ್ದು ಕಿತ್ತೂರಿನವರೇ ಆದ ಮಲ್ಲಪ್ಪ ಶೆಟ್ಟಿ, ವೆಂಕಟರಾಯರು ಮದ್ದಿಗೆ ಸೆಗಣಿ, ಕಾಳು ಬೆರೆಸಿದ್ದರಿಂದ ಎಂಬ ಕಥೆ ನಮ್ಮಲ್ಲಿ ಬಲವಾಗಿದೆ. ಕೀಲಿನ ಕಡೆಯಿಂದ ನೋಡಿದರೆ ಈ ಕಥೆ ಅರ್ಧ ನಿಲ್ಲುತ್ತದೆ. ಒಳ್ಳೆಯ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಹಸಿ ಸೆಗಣಿಯ ನೀರು ಸೇರಿದರೆ ಉಪ್ಪು ಕರಗಿ ಮದ್ದು ಗಂಟುಕಟ್ಟುತ್ತದೆ. ತೋಪಿಗೆ ಮದ್ದು ಬರುವುದು ಉಗ್ರಾಣದಿಂದ, ಮಣಗಟ್ಟಲೆ, ಇನ್ನೊಬ್ಬರ ಕೈಯಿಂದ, ಅದನ್ನು ಕೆಡಿಸಬಹುದು. ಬಂದೂಕಿನವನು ಮದ್ದು ತುಂಬಿದ ಕೊಂಬನ್ನೂ ನಯವಾಗಿ ಅರೆದ ರಂಜಕವನ್ನೂ ತನ್ನ ಸೊಂಟಕ್ಕೇ ಕಟ್ಟಿಕೊಂಡಿರುತ್ತಾನೆ. ತೋಪುಗಳು ಮೂಕವಾದವು ಎಂದರೆ ಒಪ್ಪೋಣ, ಬಂದೂಕುಗಳೂ ಮೂಕವಾದವು ಎಂದರೆ ಒಪ್ಪಲಾರೆ. ಆ ಎರಡನೆಯ ಯುದ್ಧದಲ್ಲೂ ಸೊಲ್ಲಾಪುರದ ಸಬ್ ಕಲೆಕ್ಟರ್, ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಬಂಧು, ಜಾನ್ ಮನ್ರೋ ಕಿತ್ತೂರಿನಲ್ಲಿ ಪೆಟ್ಟು ತಿಂದು ಸತ್ತ.