ಮನೆಯೊಳಗಿನ ಗಿಡಗಳಿಗೆ ಟ್ಯೂಬ್‌ಲೈಟ್: ಆಯ್ಕೆಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಬಹುಪಾಲಿಗೆ ಇಂದು ಅಂಗಳವಿಲ್ಲ. ತುಳಸಿಕಟ್ಟೆಯ ಸ್ಥಾನವನ್ನು ಕಿಟಕಿಯ ಕುಂಡ ತುಂಬಿದೆ. ದೊಡ್ಡಪತ್ರೆ, ವೀಳ್ಯದೆಲೆ, ಕರಿಬೇವುಗಳು ಬಾಲ್ಕನಿಯ ಮೂಲೆ ಸೇರಿವೆ. ಎದುರಿನ ಕಟ್ಟಡವು ಬಿಸಿಲನ್ನು ಮರೆಮಾಡಿದಾಗ, ಮುಂಬಯಿಯ ಮಳೆಗಾಲದ ಮೋಡ ವಾರಗಟ್ಟಲೆ ಕವಿದಾಗ, ಸುಮಾರು 10 ಗಂಟೆ 20 ನಿಮಿಷಕ್ಕೆ ಇಳಿಯುವ ದೆಹಲಿಯ ಡಿಸೆಂಬರ್ ಹಗಲನ್ನು ಮಂಜು ಆವರಿಸಿದಾಗ, ಈ ಗಿಡಗಳು ಸೊರಗುತ್ತವೆ. ಅವುಗಳಿಗೆ ಟ್ಯೂಬ್‌ಲೈಟಿನ ಬೆಳಕು ಎಷ್ಟರಮಟ್ಟಿಗೆ ಆಸರೆಯಾಗಬಲ್ಲದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಕಣ್ಣಿನ ಬೆಳಕು, ಎಲೆಯ ಬೆಳಕು

ನಡುಹಗಲಿನ ನೇರ ಬಿಸಿಲಿನ ತೀವ್ರತೆ ಸುಮಾರು 1 ಲಕ್ಷ ಲಕ್ಸ್. ರಾತ್ರಿ ದೀಪ ಹೊತ್ತಿಸಿದ ಕೋಣೆಯಲ್ಲಿ ಅದು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಎಲೆ ಹೊಂದಿಕೊಳ್ಳದು. ಆದುದರಿಂದ ಗೋಡೆಯ ಮೇಲಿನ ಟ್ಯೂಬ್‌ಲೈಟು ದಿನವಿಡೀ ಉರಿದರೂ ನೆಲದ ಮೇಲಿನ ಕುಂಡಕ್ಕೆ ವಿಶೇಷ ಪ್ರಯೋಜನವಿಲ್ಲ. ದೀಪವನ್ನು ಗಿಡದ ತುದಿಯಿಂದ 15ರಿಂದ 30 ಸೆಂಟಿಮೀಟರ್ ಅಂತರದಲ್ಲಿ ತೂಗುಹಾಕಬೇಕು. ಟ್ಯೂಬ್‌ಲೈಟು ಹೆಚ್ಚು ಬಿಸಿಯಾಗುವುದಿಲ್ಲವಾದ್ದರಿಂದ ಇಷ್ಟು ಸಮೀಪದಲ್ಲಿಯೂ ಎಲೆ ಸುಡದು. ಮೇಲ್ಭಾಗದಲ್ಲಿ ಬಿಳಿ ಬಣ್ಣದ ತಗಡನ್ನು ಅಳವಡಿಸಿದರೆ ವ್ಯರ್ಥವಾಗುವ ಬೆಳಕೂ ಕೆಳಗೆ ಬೀಳುತ್ತದೆ. ಕೊಳವೆಯ ಎರಡು ತುದಿಗಳಿಗಿಂತ ನಡುಭಾಗದಲ್ಲಿ ಬೆಳಕು ಹೆಚ್ಚು. ಬೆಳಕಿನ ಹಸಿವುಳ್ಳ ಗಿಡವನ್ನು ಅಲ್ಲಿ ಇರಿಸುವುದು ಲೇಸು.

ಅಳತೆ ಮತ್ತು ಸಂಕೇತ

ಟ್ಯೂಬ್‌ಲೈಟುಗಳು ದಪ್ಪಕ್ಕೆ ಅನುಗುಣವಾಗಿ ಮೂರು ಬಗೆ: 38 ಮಿಲಿಮೀಟರಿನ ಟಿ-12, 26 ಮಿಲಿಮೀಟರಿನ ಟಿ-8 ಮತ್ತು 16 ಮಿಲಿಮೀಟರಿನ ಟಿ-5. ಸುಮಾರು ನಾಲ್ಕು ಅಡಿ ಉದ್ದದಲ್ಲಿ ಇವು ಕ್ರಮವಾಗಿ 40, 36 ಮತ್ತು 28 ವ್ಯಾಟ್ ವಿದ್ಯುತ್ತನ್ನು ಬಳಸುತ್ತವೆ. ಕೊಳವೆ ತೆಳುವಾದಷ್ಟೂ ಪ್ರತಿ ವ್ಯಾಟಿಗೆ ದೊರೆಯುವ ಬೆಳಕು ಹೆಚ್ಚು.

ಕೊಳವೆಯ ಮೇಲೆ ಮುದ್ರಿತವಾಗಿರುವ ಮೂರು ಅಂಕಿಗಳನ್ನು ಓದಲು ಕಲಿತರೆ ಆಯ್ಕೆ ಸುಲಭ. ಉದಾಹರಣೆಗೆ, 865 ಎಂದಿದ್ದರೆ ಮೊದಲ 8 ಎಂಬುದು ಬಣ್ಣಗಳನ್ನು ಸಹಜವಾಗಿ ತೋರುವ ಗುಣ ನೂರಕ್ಕೆ 80ರ ಮೇಲಿದೆ ಎಂಬುದನ್ನೂ, 65 ಎಂಬುದು ಬೆಳಕಿನ ವರ್ಣ 6500 ಕೆಲ್ವಿನ್ ಎಂಬುದನ್ನೂ ಸೂಚಿಸುತ್ತವೆ. ಪತ್ರಹರಿತ್ತು ನೀಲಿ ಮತ್ತು ಕೆಂಪು ಕಿರಣಗಳನ್ನೇ ಹೆಚ್ಚಾಗಿ ಹೀರುತ್ತದೆ. 6500 ಕೆಲ್ವಿನ್ನಿನ ಬಿಳಿ ಬೆಳಕಿನಲ್ಲಿ ನೀಲಿಯ ಪಾಲು ಅಧಿಕವಿದ್ದು, ಸೊಪ್ಪು ಹಾಗೂ ಸಸಿಗಳಿಗೆ ಅದು ಯೋಗ್ಯ. ಹೂಬಿಡುವ ಗಿಡಗಳಿಗೆ ಒಂದು 865ರ ಜೊತೆಗೆ 2700 ಅಥವಾ 3000 ಕೆಲ್ವಿನ್ನಿನ ಹಳದಿ ಛಾಯೆಯ ಇನ್ನೊಂದನ್ನು ಜೋಡಿಸಬಹುದು.

ಯಾವ ಗಿಡಕ್ಕೆ ಎಷ್ಟು?

ನೆರಳನ್ನು ಬಯಸುವ ವೀಳ್ಯದೆಲೆಯ ಬಳ್ಳಿ ಮತ್ತು ಮಂದ ಬೆಳಕನ್ನು ಸಹಿಸುವ ದೊಡ್ಡಪತ್ರೆಗಳು ದಿನಕ್ಕೆ 12 ಗಂಟೆಗಳ ಬೆಳಕಿನಲ್ಲಿ ತೃಪ್ತಿಯಿಂದಿರುತ್ತವೆ. ಮೆಂತ್ಯ, ಕೊತ್ತಂಬರಿಯ ಸಸಿಗಳಿಗೆ 14 ಗಂಟೆ ಬೇಕು. ತುಳಸಿ ಮತ್ತು ಕರಿಬೇವು ಬಿಸಿಲಿನ ಸಸ್ಯಗಳು. ಇವುಗಳಿಗೆ ಟ್ಯೂಬ್‌ಲೈಟು ಮಳೆಗಾಲದ ಆಪದ್ಬಂಧುವೇ ಹೊರತು ಸೂರ್ಯನಿಗೆ ಬದಲಿಯಲ್ಲ. ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದು, ಎಲೆಗಳ ನಡುವಿನ ಅಂತರ ಹೆಚ್ಚಿದರೆ ಬೆಳಕು ಸಾಲದೆಂದು ತಿಳಿಯಬೇಕು. ಮಳೆಗಾಲದಲ್ಲಿ ತುಳಸಿ ಸಾಯುವುದು ಬೆಳಕಿನ ಕೊರತೆಯಿಂದ ಮಾತ್ರವಲ್ಲ, ಬೇರಿನಲ್ಲಿ ನೀರು ನಿಲ್ಲುವುದರಿಂದಲೂ ಹೌದು. ಬೆಳಕು ಕಡಿಮೆಯಾದಾಗ ನೀರನ್ನೂ ಕಡಿಮೆ ಮಾಡಬೇಕು.

ಸೇವಂತಿಗೆಯ ವಿಚಾರದಲ್ಲಿ ವಿಶೇಷ ಎಚ್ಚರ ಅಗತ್ಯ. ಅದು ದೀರ್ಘ ರಾತ್ರಿಯನ್ನು ಗುರುತಿಸಿಯೇ ಮೊಗ್ಗು ತಳೆಯುವ ಸಸ್ಯ. ಅಕ್ಕರೆಯಿಂದ ರಾತ್ರಿ ಹನ್ನೊಂದರವರೆಗೆ ದೀಪ ಉರಿಸಿದರೆ ಎಲೆ ಸಮೃದ್ಧವಾದೀತು, ಹೂವು ಬಾರದು. ಉಳಿದ ಗಿಡಗಳಿಗೂ ಕತ್ತಲೆಯ ವಿಶ್ರಾಂತಿ ಹಿತಕರ.

ಖರ್ಚು ಮತ್ತು ಪಾದರಸ

36 ವ್ಯಾಟಿನ ಎರಡು ಕೊಳವೆಗಳು 12 ಗಂಟೆ ಉರಿದರೆ, ಹಳೆಯ ತಾಮ್ರದ ಚೋಕಿನ ಬಳಕೆಯೂ ಸೇರಿ, ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. 20 ವ್ಯಾಟಿನ ಎರಡು ಎಲ್‌ಇಡಿಗಳಿಗೆ ಅರ್ಧ ಯೂನಿಟ್ ಸಾಕು. ಟ್ಯೂಬ್‌ಲೈಟು ಕೆಟ್ಟುಹೋಗುವ ಮುನ್ನವೇ ಕ್ರಮೇಣ ಮಂಕಾಗುವುದರಿಂದ, ತುದಿ ಕಪ್ಪಾದ ಕೊಳವೆಯನ್ನು ಗಿಡಗಳಿಗೆ ಬಳಸಬಾರದು.

ಪ್ರತಿ ಟ್ಯೂಬ್‌ಲೈಟಿನಲ್ಲಿಯೂ ಅಲ್ಪ ಪ್ರಮಾಣದ ಪಾದರಸವಿದೆ. ಅದು ಒಡೆದರೆ ಕಿಟಕಿಗಳನ್ನು ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಿ, ಪೊರಕೆ ಬಳಸದೆ ದಪ್ಪ ಕಾಗದದಿಂದ ಚೂರುಗಳನ್ನು ಒಟ್ಟುಗೂಡಿಸಬೇಕು. 2016ರ ನಿಯಮಗಳು ಪಾದರಸದ ದೀಪಗಳನ್ನು ಇ-ತ್ಯಾಜ್ಯದ ಸಾಲಿಗೆ ಸೇರಿಸಿದವು. ಅಡುಗೆಮನೆಯ ಕಸದಲ್ಲಿ ಅವುಗಳನ್ನು ಬೆರೆಸುವುದು ಸಲ್ಲದು. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಡಂಬಡಿಕೆಯನ್ನು ಭಾರತವು 2018ರಲ್ಲಿ ಅನುಮೋದಿಸಿತು. 2023ರಲ್ಲಿ ಜಿನೀವಾದಲ್ಲಿ ಸಭೆ ಸೇರಿದ ಸದಸ್ಯ ರಾಷ್ಟ್ರಗಳು, ಸಾಮಾನ್ಯ ಬಳಕೆಯ ಟ್ಯೂಬ್‌ಲೈಟುಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರ ವೇಳೆಗೆ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು.

ಆದುದರಿಂದ ನಮ್ಮ ಸಲಹೆ ಇಷ್ಟೇ: ಮನೆಯಲ್ಲಿ ಸುಸ್ಥಿತಿಯಲ್ಲಿರುವ ಟ್ಯೂಬ್‌ಲೈಟು ಇದ್ದರೆ ಅದನ್ನು ಎಸೆಯದೆ ಗಿಡಗಳ ಸಮೀಪಕ್ಕೆ ಇಳಿಸಿರಿ. ಹೊಸದಾಗಿ ಕೊಳ್ಳುವುದಾದರೆ 6500 ಕೆಲ್ವಿನ್ನಿನ ಸಾಮಾನ್ಯ ಎಲ್‌ಇಡಿ ಪಟ್ಟಿಯೇ ಸಾಕು. ನೇರಳೆ ಬಣ್ಣದ ದುಬಾರಿ ದೀಪಗಳು ಅನಿವಾರ್ಯವಲ್ಲ. ಹಳೆಯ ಪಟ್ಟಿಗೆ ಎಲ್‌ಇಡಿ ಕೊಳವೆಯನ್ನು ಜೋಡಿಸುವ ಮೊದಲು ಚೋಕ್ ಮತ್ತು ಸ್ಟಾರ್ಟರಿನ ಸಂಪರ್ಕವನ್ನು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿರಿ. ಬಿಸಿಲು ಮರಳಿದ ದಿನ ತುಳಸಿಯ ಕುಂಡವನ್ನು ಮೊದಲು ಕಿಟಕಿಯ ಬಳಿ ಇರಿಸಿ, ವಾರದ ಅವಧಿಯಲ್ಲಿ ಕ್ರಮೇಣ ನೇರ ಬಿಸಿಲಿಗೆ ಒಯ್ಯಿರಿ. ದೀಪದಡಿಯಲ್ಲಿ ಮೃದುವಾಗಿ ಬೆಳೆದ ಎಲೆ ಒಮ್ಮೆಲೇ ಬಿಸಿಲಿನ ಝಳವನ್ನು ತಾಳಲಾರದು.