ಸಿಯಾಟಲ್: ಹಾಡು, ಒಂಟಿತನ ಮತ್ತು ಮನೆಯ ದಾರಿ

ಪರಊರಿಗೆ ಒಂಟಿಯಾಗಿ ಬಂದು ಬಾಡಿಗೆಯ ಕೋಣೆಯಲ್ಲಿ ಬದುಕು ಹೂಡಿದವರಿಗೆ ಸಂಜೆಯ ನಂತರದ ಹೊತ್ತು ಬಹಳ ದೀರ್ಘವಾದುದು. ಅದನ್ನು ಎಲ್ಲಿ, ಯಾರೊಡನೆ ಕಳೆಯುವುದು? ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮಗೆ ಚೆನ್ನಾಗಿ ಗೊತ್ತಿರುವ ಈ ಪ್ರಶ್ನೆಯನ್ನು ಅಮೆರಿಕದ ಸಿಯಾಟಲ್ ನಗರ ಮೂರು ದಶಕಗಳ ಹಿಂದೆ ಹೇಗೆ ಎದುರಿಸಿತೆಂಬುದನ್ನು ಇಲ್ಲಿ ನೋಡೋಣ.

ಸಿಯಾಟಲ್ ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯನ್ನೇ ನೆಚ್ಚಿಕೊಂಡಿದ್ದ ಊರು. 1970ರ ಆಸುಪಾಸಿನಲ್ಲಿ ಆ ಕಂಪನಿ ಹತ್ತಾರು ಸಾವಿರ ಜನರನ್ನು ಕೆಲಸದಿಂದ ತೆಗೆಯಿತು. ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಲೆಂಬ ಕುಚೋದ್ಯದ ಫಲಕವೊಂದು 1971ರಲ್ಲಿ ರಸ್ತೆಬದಿಯಲ್ಲಿ ನಿಂತಿತ್ತು. ಸಂಗೀತೋದ್ಯಮದ ಕೇಂದ್ರವಾದ ಲಾಸ್ ಏಂಜಲಿಸ್ ಬಲು ದೂರ. ಹೀಗಾಗಿ 1980ರ ದಶಕದ ಅಲ್ಲಿನ ರಾಕ್ ತಂಡಗಳು ಹೆಚ್ಚಾಗಿ ಪರಸ್ಪರರಿಗಾಗಿಯೇ ಹಾಡಿದವು. ಇಂದು ವೇದಿಕೆಯ ಮೇಲಿದ್ದವರು ನಾಳೆ ಶ್ರೋತೃಗಳು. ‘ಗ್ರಂಜ್’ ಎಂದು ಮುಂದೆ ಹೆಸರಾದ ಸಂಗೀತ ಬೆಳೆದದ್ದು ಈ ನೆರೆಹೊರೆತನದಲ್ಲಿ.

1990ರ ಮಾರ್ಚಿನಲ್ಲಿ ಮದರ್ ಲವ್ ಬೋನ್ ತಂಡದ ಗಾಯಕ ಆಂಡ್ರ್ಯೂ ವುಡ್ ಮಾದಕವಸ್ತುವಿನ ಅತಿಸೇವನೆಯಿಂದ ತೀರಿಕೊಂಡರು. ಆಗ ಅವರ ಗೆಳೆಯರೆಲ್ಲ ಒಂದು ಮನೆಯಲ್ಲಿ ಕೂಡಿದ್ದನ್ನು ನಿರ್ದೇಶಕ ಕ್ಯಾಮರೂನ್ ಕ್ರೋ ಕಂಡರು. ಅವರ ‘ಸಿಂಗಲ್ಸ್’ ಚಿತ್ರದ ಮೇಲೆ ಆ ದೃಶ್ಯದ ನೆರಳಿದೆ. ಕ್ಯಾಪಿಟಲ್ ಹಿಲ್ ಬಡಾವಣೆಯ ವಠಾರದಂಥ ಕಟ್ಟಡವೊಂದರಲ್ಲಿ ವಾಸಿಸುವ ಅವಿವಾಹಿತ ತರುಣ ತರುಣಿಯರ ಪ್ರೇಮದ ಹುಡುಕಾಟವೇ ಅದರ ಕಥೆ. ನಾಯಕ ಸಾರಿಗೆ ಇಲಾಖೆಯ ನೌಕರ. ಜನರನ್ನು ಕಾರಿನಿಂದಿಳಿಸಿ ಒಂದೆಡೆ ಕೂಡಿಸುವ ರೈಲಿನ ಕನಸು ಅವನದು. ಮೇಯರ್ ಅದನ್ನು ತಳ್ಳಿಹಾಕುತ್ತಾರೆ. ಪರ್ಲ್ ಜಾಮ್ ತಂಡದ ಮೂವರು ಚಿತ್ರದೊಳಗಿನ ಕಾಲ್ಪನಿಕ ತಂಡದ ಸದಸ್ಯರಾಗಿ ನಟಿಸಿದ್ದಾರೆ. 1991ರಲ್ಲಿ ಚಿತ್ರೀಕರಣವಾದರೂ ಚಿತ್ರ ಬಿಡುಗಡೆಯಾದದ್ದು 1992ರ ಸೆಪ್ಟೆಂಬರಿನಲ್ಲಿ. ಆ ನಡುವೆ ನಿರ್ವಾಣ ತಂಡದ ‘ನೆವರ್‌ಮೈಂಡ್’ ಹೊರಬಂದು, ಊರು ಜಗತ್ಪ್ರಸಿದ್ಧವಾಗಿತ್ತು.

ಚಿತ್ರ ಕಾಣಿಸದ ಎರಡು ಸಂಗತಿಗಳನ್ನು ಇತಿಹಾಸ ಕಾಣಿಸುತ್ತದೆ. ಮೊದಲನೆಯದು, ಸಿಯಾಟಲ್ ನಗರಸಭೆಯ 1985ರ ಶಾಸನ. ಹದಿಹರೆಯದವರು ಸೇರುವ ನೃತ್ಯಕೂಟಗಳಿಗೆ ಪೊಲೀಸ್ ಕಾವಲು, ಹತ್ತು ಲಕ್ಷ ಡಾಲರಿನ ವಿಮೆ ಮುಂತಾದ ಷರತ್ತುಗಳನ್ನು ಅದು ವಿಧಿಸಿತು. ಸಣ್ಣ ಆಯೋಜಕರಿಗೆ ಇದು ಎಟುಕದ ಮಾತು. ಮಕ್ಕಳ ರಕ್ಷಣೆಗೆಂದು ಬಂದ ಕಾನೂನು, ಅವರು ಕೂಡಬಹುದಾದ ಜಾಗಗಳನ್ನೇ ಕಿರಿದಾಗಿಸಿತು. ಅದು ರದ್ದಾದದ್ದು 2002ರಲ್ಲಿ.

ಎರಡನೆಯದು ಹೆಚ್ಚು ನೋವಿನದು. 1993ರ ಜುಲೈ 7ರ ನಸುಕಿನಲ್ಲಿ, ದಿ ಗಿಟ್ಸ್ ತಂಡದ ಗಾಯಕಿ ಮಿಯಾ ಝಪಾಟಾ ಅದೇ ಕ್ಯಾಪಿಟಲ್ ಹಿಲ್‌ನಿಂದ ಹೊರಟವರು ಕೊಲೆಯಾದರು. ಅವರಿಗೆ 27 ವರ್ಷ. ಅಪರಾಧಿಗೆ ಶಿಕ್ಷೆಯಾಗಲು 2004ರವರೆಗೆ ಕಾಯಬೇಕಾಯಿತು. ಗೆಳತಿಯರು ಸುಮ್ಮನೆ ಕಾಯಲಿಲ್ಲ. ‘ಹೋಮ್ ಅಲೈವ್’ ಎಂಬ ಸಂಸ್ಥೆ ಕಟ್ಟಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯನ್ನು ಕಲಿಸತೊಡಗಿದರು. ಹಾಡುಗಾರರು ಅದಕ್ಕಾಗಿ ಹಾಡಿ ಹಣ ಕೂಡಿಸಿದರು. ಜೀವಸಹಿತ ಮನೆ ಸೇರುವುದು ಎಂಬುದೇ ಆ ಹೆಸರಿನ ಅರ್ಥ.

ಇವನ್ನು ಒಟ್ಟಿಗಿಟ್ಟು ನೋಡಿದಾಗ ನಮಗೆ ತೋರುವುದಿಷ್ಟು: ಒಲವು ಇಬ್ಬರ ಖಾಸಗಿ ವಿಷಯವಾದರೂ, ಆ ಇಬ್ಬರು ಎದುರಾಗಲು ಊರು ನೆರವಾಗಬೇಕು. ಕೈಗೆಟುಕುವ ಬಾಡಿಗೆ, ಸೇರಲೊಂದು ಜಾಗ, ಅಪರಾತ್ರಿಯಲ್ಲೂ ಅಂಜದೆ ಮರಳುವ ದಾರಿ, ಇವು ಮೂರೂ ಬೇಕು. ಚಿತ್ರದ ನಾಯಕ ಕನಸಿದಂಥ ನಗರ ರೈಲು ಸಿಯಾಟಲ್ಲಿಗೆ ಬಂದದ್ದು 2009ರಲ್ಲಿ. ಕ್ಯಾಪಿಟಲ್ ಹಿಲ್ ತಲುಪಿದ್ದು 2016ರಲ್ಲಿ.

ನಮ್ಮಲ್ಲಿ ಸಂಜೆಯ ಕಾರ್ಯಕ್ರಮ ಮುಗಿದಾಗ, ಒಬ್ಬಳೇ ಬಂದ ಹುಡುಗಿಯನ್ನು ಹಿರಿಯರೊಬ್ಬರು ತಪ್ಪದೆ ವಿಚಾರಿಸುತ್ತಾರೆ: “ಹೇಗೆ ಹೋಗ್ತೀಯಮ್ಮ, ಜೊತೆಗೆ ಯಾರಿದ್ದಾರೆ?” ಬರಿಯ ಉಪಚಾರದ ಮಾತೆಂದು ನಾವು ಎಣಿಸಿದ್ದೆವು. ಸಿಯಾಟಲ್ಲಿನ ಕಥೆ ಓದಿದ ಮೇಲೆ ಹಾಗೆನ್ನಿಸುವುದಿಲ್ಲ.